ಕಂಪನಿಯ ನಗೆ, ಚಿತ್ರದ ಕಣ್ಣೀರು

ಹಾನಗಲ್ಲಿಗೆ ಹೋದವರಿಗೆ ಅಲ್ಲಿಯ ಜನ ತಾರಕೇಶ್ವರನ ಗುಡಿಯನ್ನು ತೋರಿಸಿದ ಮೇಲೆ ಇನ್ನೊಂದು ಮಾತನ್ನು ಹೇಳದೆ ಕಳಿಸುವುದಿಲ್ಲ. ಇದೇ ವಿರಾಟನಗರ, ಪಾಂಡವರು ಅಜ್ಞಾತವಾಸದ ಒಂದು ವರ್ಷವನ್ನು ಕಳೆದದ್ದು ಇಲ್ಲಿಯೇ ಎಂಬುದು ಆ ಮಾತು. ಅದಕ್ಕೆ ಸಾಕ್ಷಿಯಾಗಿ ಕುಂತಿನ ದಿಬ್ಬವೆಂಬ ಒಂದು ದಿಬ್ಬವನ್ನೂ ತೋರಿಸುತ್ತಾರೆ. ಶಾಸನಗಳು ಈ ಊರನ್ನು ಪಾನುಂಗಲ್ಲು ಎಂದು ಕರೆದಿವೆ. ವಿರಾಟನಗರ ತಮ್ಮದೇ ಎಂದು ಹೇಳಿಕೊಳ್ಳುವ ಊರುಗಳು ಭರತಖಂಡದಲ್ಲಿ ಹಲವು ಇರುವುದರಿಂದ ಆ ವ್ಯಾಜ್ಯವನ್ನು ಇತಿಹಾಸಕಾರರಿಗೆ ಬಿಟ್ಟುಬಿಡೋಣ. ನನಗೆ ಈ ಐತಿಹ್ಯದಲ್ಲಿ ಬೇರೊಂದು ಸ್ವಾರಸ್ಯ ಕಾಣುತ್ತದೆ. ವಿರಾಟನಗರಕ್ಕೆ ಬಂದಿಳಿದ ಆ ಆರು ಜನರನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿರಿ. ಒಬ್ಬ ಅಡಿಗೆಯ ಭಟ್ಟ. ಒಬ್ಬ ಸೀರೆಯುಟ್ಟು ಹುಡುಗಿಯರಿಗೆ ನೃತ್ಯ ಕಲಿಸುವ ಮಾಸ್ತರ. ಒಬ್ಬ ಕುದುರೆ ನೋಡಿಕೊಳ್ಳುವವ, ಇನ್ನೊಬ್ಬ ದನ ನೋಡಿಕೊಳ್ಳುವವ. ತಲೆ ಬಾಚಿ ಹೂ ಮುಡಿಸಿ ಸಿಂಗರಿಸುವ ಒಬ್ಬ ಹೆಂಗಸು. ಇವರೆಲ್ಲರ ಹಿರಿಯನೋ, ಪಗಡೆಯಾಡುತ್ತ ಕೂತ ಜೂಜುಗಾರ. ಇದು ರಾಜಪರಿವಾರದ ಅಜ್ಞಾತವಾಸವಾದರೂ ಇದರ ಠೀವಿಯೆಲ್ಲ ಒಂದು ನಾಟಕ ಕಂಪನಿ ಮುಕ್ಕಾಂ ಮಾಡಿದಂತಿದೆ! ಗುರುತು ಸಿಕ್ಕರೆ ಪಾಂಡವರಿಗೆ ಮತ್ತೆ ಹನ್ನೆರಡು ವರ್ಷ ವನವಾಸ. ಗುರುತು ಸಿಕ್ಕರೆ ಕಂಪನಿಯ ಮಾಲಕನಿಗೆ ಹಳೆಯ ಮುಕ್ಕಾಮಿನ ಉದರಿಯ ಚೀಟಿ. ಕೊನೆಗೆ ಯುದ್ಧದ ಪ್ರಸಂಗ ಬಂದಾಗ, ಅಂತಃಪುರದಲ್ಲಿ ಮೀಸೆ ತಿರುವಿ ರಣರಂಗದಲ್ಲಿ ರಥದಿಂದ ಹಾರಿ ಓಡುವ ಉತ್ತರಕುಮಾರನಂಥ ಹಾಸ್ಯ ಪಾತ್ರವೂ ಅದೇ ಊರಿನಲ್ಲಿ ಸಿದ್ಧವಾಗಿತ್ತು.

ಈ ವಿನೋದವನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ನಾಟಕ ಕಂಪನಿಯ ಜೀವನವನ್ನು ಕುರಿತು ನಮ್ಮ ಚಲನಚಿತ್ರಗಳು ಹೇಳಿದ್ದೇನು, ಹೇಳದೆ ಬಿಟ್ಟದ್ದೇನು ಎಂಬುದು ಈ ಹೊತ್ತಿನ ವಿಷಯ. ಹೇಳದೆ ಬಿಟ್ಟದ್ದರಲ್ಲಿ ಮುಖ್ಯವಾದದ್ದು ನಗೆ.

ಹೊರನಾಡಿನ ಒಂದು ನಿದರ್ಶನವನ್ನು ಎದುರಿಗಿಟ್ಟುಕೊಂಡರೆ ವಿಷಯ ಬೇಗ ಸ್ಪಷ್ಟವಾಗುತ್ತದೆ. 1998ರಲ್ಲಿ ‘ಶೇಕ್ಸ್‌ಪಿಯರ್ ಇನ್ ಲವ್’ ಎಂಬ ಇಂಗ್ಲಿಷ್ ಚಿತ್ರ ತೆರೆ ಕಂಡಿತು. ಹದಿನಾರನೆಯ ಶತಮಾನದ ಕೊನೆಯ ಲಂಡನ್ನಿನ ಒಂದು ನಾಟಕ ಮಂಡಳಿಯ ಕಥೆಯದು. ಏಳು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಅದರ ಮೊದಲ ದೃಶ್ಯದಲ್ಲಿಯೇ ಸಾಲ ಕೊಟ್ಟವನು ರಂಗಮಂದಿರದ ಮಾಲಕನ ಕಾಲನ್ನು ಕೆಂಡದ ಮೇಲೆ ಹಿಡಿಸುತ್ತಾನೆ. ನಾಟಕ ಇನ್ನೂ ಬರೆದಾಗಿಲ್ಲ, ಸಾಲದ ವಾಯಿದೆ ಮಾತ್ರ ಮುಗಿದಿದೆ. ನಾಟಕದಲ್ಲಿ ಒಂದು ನಾಯಿ ಬರಲೇಬೇಕೆಂದು ಮಾಲಕನ ಹಟ, ಏಕೆಂದರೆ ನಾಯಿ ಬಂದರೆ ಜನ ನಗುತ್ತಾರೆ. ಸಾಲ ವಸೂಲಿಗೆಂದು ಬಂದ ಆ ಕ್ರೂರಿಯೇ ತಾಲೀಮು ನೋಡುತ್ತ ನೋಡುತ್ತ ಮರುಳಾಗಿ, ಕೊನೆಗೆ ನಾಲ್ಕು ಸಾಲಿನ ಒಂದು ಪಾತ್ರ ತನಗೆ ಸಿಕ್ಕಿತೆಂದು ಕೈಕಾಲು ನಡುಗಿಸುತ್ತ ರಂಗಕ್ಕೆ ಬರುತ್ತಾನೆ. ಗಂಡಸರು ಹೆಣ್ಣಿನ ವೇಷ ಹಾಕುವ ಆ ಕಾಲದಲ್ಲಿ ಒಬ್ಬ ಹೆಣ್ಣು ಗಂಡಿನ ವೇಷದಲ್ಲಿ ಬಂದು ಸೇರಿಕೊಳ್ಳುವುದೇ ಕಥೆಯ ತಿರುವು. ಇಷ್ಟೆಲ್ಲ ನಗೆಯ ನಡುವೆಯೂ ಆ ಚಿತ್ರ ರಂಗಭೂಮಿಯ ಗೌರವಕ್ಕೆ ಕುಂದು ತರಲಿಲ್ಲ. ಮುಗಿಯುವ ಹೊತ್ತಿಗೆ ಆ ಬಡ ನಟರ ಬಗೆಗೆ ನಮಗೆ ಗೌರವ ಹೆಚ್ಚಾಗಿರುತ್ತದೆ.

ಇಂಥ ಸಾಮಗ್ರಿ ನಮ್ಮಲ್ಲಿ ಕಡಿಮೆಯೆ? ನಟನ ಬದುಕನ್ನು ಕುರಿತು ಅ.ನ.ಕೃ. ‘ನಟಸಾರ್ವಭೌಮ’ವನ್ನು ಬರೆದರು. ಅಶ್ವತ್ಥರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1981ರಲ್ಲಿ ‘ರಂಗನಾಯಕಿ’ಯನ್ನು ತೆಗೆದರು. ಆರತಿಯವರ ಅಭಿನಯದಿಂದ ಆ ಚಿತ್ರ ಇಂದಿಗೂ ಜನರ ನೆನಪಿನಲ್ಲಿದೆ. ಬಣ್ಣವನ್ನು ಬಿಡೆಂದು ಗಂಡನ ಒತ್ತಾಯ, ಬಿಡಲಾರೆನೆಂದು ಅವಳ ಪ್ರಾಣದ ಕೂಗು. ಸಂಸಾರ ಒಡೆದು ಕಥೆ ದುರಂತದತ್ತ ಸಾಗುತ್ತದೆ. ಅದು ದೊಡ್ಡ ಚಿತ್ರವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ನಂತರ ಕಂಪನಿಯೆಂದರೆ ಕಣ್ಣೀರು ಎಂಬ ಸಮೀಕರಣ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತೇನೋ. ಇನ್ನೊಂದು, 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’. ಈ ಚಿತ್ರದ ಬೇರು ಹಾನಗಲ್ಲ ತಾಲೂಕಿನ ಮಣ್ಣಿನಲ್ಲಿದೆ. ಅದರ ವಿಚಾರವನ್ನು ಮುಂದೆ ವಿಸ್ತಾರವಾಗಿ ನೋಡೋಣ. ಅಲ್ಲಿ ಕಣ್ಣೀರಿನ ಜಾಗದಲ್ಲಿ ಭಕ್ತಿಯಿದೆ. ದುಃಖದ ಕಂಪನಿಯನ್ನು ನೋಡಿದೆವು, ದೈವದ ಕಂಪನಿಯನ್ನು ನೋಡಿದೆವು. ದಿನಾ ರಾತ್ರಿ ಸಾವಿರ ಜನರನ್ನು ನಗಿಸಿ, ಮರುದಿನದ ಜೋಳಕ್ಕೆ ದಾರಿ ಮಾಡಿಕೊಳ್ಳುತ್ತಿದ್ದ ಕಂಪನಿಯನ್ನು ಮಾತ್ರ ತೆರೆ ಸರಿಯಾಗಿ ತೋರಿಸಲಿಲ್ಲ.

ಹಾಗಾದರೆ ಆ ಕಂಪನಿ ನಡೆಯುತ್ತಿದ್ದುದು ಹೇಗೆ? ಸುಗ್ಗಿ ಮುಗಿದು ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತು ಕಂಪನಿಯ ಪಾಲಿನ ಹಂಗಾಮು. ಹಾನಗಲ್ಲ, ಹಿರೇಕೆರೂರಿನ ಕಡೆ ಭತ್ತ. ಶಿಗ್ಗಾಂವಿ, ಸವಣೂರಿನ ಕಡೆ ಹತ್ತಿ, ಮೆಣಸಿನಕಾಯಿ, ಎಲೆಬಳ್ಳಿ. ಒಂದು ಸೀಮೆಯ ಫಸಲು ಕೈಗೆ ಬಂದಾಗ ಇನ್ನೊಂದರದು ಇನ್ನೂ ಹೊಲದಲ್ಲಿರುತ್ತದೆ. ಆ ಲೆಕ್ಕ ಬಲ್ಲ ಮಾಲಕ ಮುಕ್ಕಾಮಿನ ಸರದಿಯನ್ನು ಗೊತ್ತುಮಾಡುತ್ತಿದ್ದ. ಮಳೆ ಹಿಡಿದರೆ ಎಲ್ಲವೂ ಮುಗಿಯಿತು. ಹಾನಗಲ್ಲ ಮಲೆನಾಡಿನ ಅಂಚು. ಮುಂಗಾರು ಅಲ್ಲಿ ಬಿಟ್ಟೂ ಬಿಡದೆ ಹೊಡೆಯುವುದುಂಟು. ತಗಡು, ಬಿದಿರು, ತಟ್ಟಿಗಳಿಂದ ಕಟ್ಟಿದ ಥೇಟರಿನಲ್ಲಿ ನೆಲದ ಗಿರಾಕಿ ಕೂಡುವುದೆಲ್ಲಿ? ನೆಲ, ಬೆಂಚು, ಖುರ್ಚಿ ಎಂದು ಮೂರು ದರ್ಜೆ. ಹೆಂಗಸರಿಗೆ ಪ್ರತ್ಯೇಕ ಜಾಗ. ಖುರ್ಚಿಯ ದರ ಎಷ್ಟೇ ಇರಲಿ, ಕಂಪನಿಯನ್ನು ಸಾಕಿದವನು ನೆಲದ ಗಿರಾಕಿಯೇ. ಅವನಿಗೆ ಬೇಕಾದದ್ದು ಮೂರು: ಕಿವಿ ತುಂಬುವ ಹಾಡು, ಕಣ್ಣು ತುಂಬುವ ಪರದೆ, ಹೊಟ್ಟೆ ತುಂಬ ನಗು. ಹಾಡು ಚೆನ್ನಾಗಿದ್ದರೆ ‘ಒನ್ಸ್ ಮೋರ್’ ಎಂದು ಕೂಗಿ ಸಾಯುತ್ತಿರುವ ಪಾತ್ರವನ್ನೂ ಎಬ್ಬಿಸಿ ಮತ್ತೆ ಹಾಡಿಸುವ ಅಧಿಕಾರ ಅವನಿಗಿತ್ತು. ಸತ್ತವನು ಎದ್ದು, ಹಾಡಿ, ಮತ್ತೆ ಸಾಯುವುದನ್ನು ವಿಮರ್ಶಕರು ಅಪಹಾಸ್ಯ ಮಾಡಿದರು. ಆದರೆ ಅದರಲ್ಲಿ ಪ್ರೇಕ್ಷಕನಿಗೂ ನಟನಿಗೂ ಇದ್ದ ಒಡಂಬಡಿಕೆ ಎಂಥ ಸಲಿಗೆಯದು ಎಂಬುದನ್ನು ಅವರು ನೋಡಲಿಲ್ಲ.

ಇಲ್ಲಿ ಹಾಸ್ಯದ ಒಂದು ಮರ್ಮವನ್ನು ಹೇಳಬೇಕು. ಕಂಪನಿ ನಾಟಕದ ಹಾಸ್ಯಕ್ಕೆ ಕಥೆಯೊಡನೆ ಸಂಬಂಧವಿಲ್ಲ, ರಾಜನ ಕಥೆ ನಡೆಯುತ್ತಿರುವಾಗ ಮಧ್ಯೆ ಗಂಡಹೆಂಡಿರ ಜಗಳವೊಂದು ಬಂದು ಸೇರುತ್ತದೆ ಎಂಬುದು ಪಂಡಿತರ ಹಳೆಯ ಆಕ್ಷೇಪ. ಆಕ್ಷೇಪ ನಿಜ. ಆದರೆ ಕಾರಣ ಸಾಹಿತ್ಯದಲ್ಲಿಲ್ಲ, ಬಡಗಿಯ ಕೆಲಸದಲ್ಲಿದೆ. ದರಬಾರಿನ ದೃಶ್ಯ ಮುಗಿದು ಕಾಡಿನ ದೃಶ್ಯ ಬರಬೇಕು. ಸಿಂಹಾಸನ ಎತ್ತಬೇಕು, ಕಂಬ ಸರಿಸಬೇಕು, ಗಿಡಬಳ್ಳಿಗಳ ಕಟೌಟು ನಿಲ್ಲಿಸಬೇಕು. ಋಷಿಯ ಆಶ್ರಮಕ್ಕೆ ಹುಲ್ಲು ಹೊದೆಸಬೇಕು. ಅಷ್ಟು ಹೊತ್ತು ಜನರನ್ನು ಸುಮ್ಮನೆ ಕೂಡಿಸಲಾದೀತೆ? ಆಗ ಮುಂದಿನ ಬೀದಿಯ ಪರದೆಯನ್ನು ಇಳಿಬಿಟ್ಟು ಅದರೆದುರು ಹಾಸ್ಯಗಾರರನ್ನು ಬಿಡುತ್ತಿದ್ದರು. ಹಿಂದೆ ಸುತ್ತಿಗೆಯ ಸದ್ದು ಕೇಳಿಸಿದಷ್ಟೂ ಮುಂದಿನ ಮಾತು ಜೋರಾಗಬೇಕು. ಒಳಗಿನ ಕೆಲಸ ತಡವಾದರೆ ಅವನು ಸಂಭಾಷಣೆಯನ್ನು ಬೆಳೆಸಬೇಕು. ಬೇಗ ಮುಗಿದು ಒಳಗಿನಿಂದ ಸೀಟಿ ಬಂದರೆ ಅರ್ಧ ಮಾತಿನಲ್ಲಿಯೇ ಹೆಂಡತಿಯ ಕೈಯಲ್ಲಿ ಹೊಡೆತ ತಿಂದು ಓಡಿಹೋಗಬೇಕು. ಬರೆದ ಮಾತು ಸಾಲದು, ಸ್ವಂತ ಬುದ್ಧಿ ಬೇಕು. ಆ ಊರಿನ ಗೌಡನ ಹೆಸರು, ಆ ಊರಿನ ಕೆಟ್ಟ ರಸ್ತೆ, ಆ ವಾರದ ಸಂತೆಯ ಧಾರಣೆ ಎಲ್ಲವೂ ಅವನ ಮಾತಿನಲ್ಲಿ ಬರಬೇಕು. ಹೀಗೆ ಕಂಪನಿಯ ಹಾಸ್ಯ ಹುಟ್ಟಿದ್ದು ಪರದೆಯ ಹಿಂದಿನ ಸುತ್ತಿಗೆಯ ತಾಳಕ್ಕೆ.

ಹಾಸ್ಯಗಾರನು ಅನೇಕ ವೇಳೆ ಕಂಪನಿಯ ಮಾಲಕನೇ ಆಗಿದ್ದುದು ಇದರಿಂದಲೇ ಅರ್ಥವಾಗುತ್ತದೆ. ಗುಬ್ಬಿ ವೀರಣ್ಣನವರು (1891–1972) ಕುರುಕ್ಷೇತ್ರಕ್ಕೆ ರಂಗದ ಮೇಲೆ ಆನೆ ಕುದುರೆ ತಂದ ಸಾಹಸಿಗಳು. ಆದರೆ ಜನ ಅವರನ್ನು ಮೆಚ್ಚಿದ್ದು ‘ಸದಾರಮೆ’ಯ ಕಳ್ಳನಂಥ ಹಾಸ್ಯ ಪಾತ್ರಗಳಲ್ಲಿ. ಕೆ. ಹಿರಣ್ಣಯ್ಯನವರೂ, ‘ಲಂಚಾವತಾರ’ದ ಮಾಸ್ಟರ್ ಹಿರಣ್ಣಯ್ಯನವರೂ ಹಾಗೆಯೇ. ರಾಜನ ಪಾತ್ರಧಾರಿ ಪ್ರೇಕ್ಷಕರ ತಲೆಯ ಮೇಲಿಂದ ಆಕಾಶವನ್ನು ನೋಡುತ್ತಾನೆ. ಹಾಸ್ಯಗಾರ ಮಾತ್ರ ನೇರವಾಗಿ ಜನರ ಮುಖವನ್ನು ನೋಡುತ್ತಾನೆ, ಎಷ್ಟು ಬೆಂಚು ಖಾಲಿ ಎಂದು ಎಣಿಸುತ್ತಾನೆ. ಗಲ್ಲಾಪೆಟ್ಟಿಗೆಯ ನಿಜವಾದ ಲೆಕ್ಕ ಗೊತ್ತಿದ್ದವನು ಅವನೊಬ್ಬನೇ. ಅವನ ನಗೆಯ ಹಿಂದೆ ಅಷ್ಟು ಜನರ ಪಗಾರದ ಚಿಂತೆಯಿತ್ತು.

ಈ ನಗೆಗೆ ಇಲ್ಲಿಯ ಮಣ್ಣಿನಲ್ಲಿ ಇನ್ನೂ ಹಳೆಯ ಬೇರಿದೆ. ಶಿಗ್ಗಾಂವಿಯ ಸುತ್ತಿನ ಹಳ್ಳಿಗಳ ದೊಡ್ಡಾಟವನ್ನು ನೋಡಿದವರಿಗೆ ಸಾರಥಿ ಗೊತ್ತು. ಕಿರೀಟ, ಭುಜಕೀರ್ತಿಗಳ ಭಾರ ಹೊತ್ತು ರಾಕ್ಷಸನೋ ರಾಜನೋ ಅಟ್ಟ ನಡುಗುವಂತೆ ಕುಣಿದು ಬಂದು ನಿಲ್ಲುತ್ತಾನೆ. ತಲೆಗೆ ರುಮಾಲು ಸುತ್ತಿದ ಸಾರಥಿ ತಣ್ಣಗೆ, ತಾವು ಯಾರು, ಯಾವ ಊರಿನವರು ಎಂದು ವಿಚಾರಿಸುತ್ತಾನೆ. ಮೂರು ಲೋಕದ ಗಂಡ ಎಂದು ಅವನು ಬೀಗಿದರೆ, ಸಾರಥಿ ಒಂದು ಹಳ್ಳಿಯ ಮಾತಿನಿಂದ ಅವನನ್ನು ನೆಲಕ್ಕಿಳಿಸುತ್ತಾನೆ. ಈ ಕಲೆ ನಂದುತ್ತಿದ್ದ ಕಾಲದಲ್ಲಿ ಅದಕ್ಕೆ ಮತ್ತೆ ಜೀವ ಕೊಡಲು ದುಡಿದವರಲ್ಲಿ ಶಿಗ್ಗಾಂವಿ ತಾಲೂಕಿನವರೇ ಆದ ಶಿಲ್ಪಿ ಟಿ. ಬಿ. ಸೊಲಬಕ್ಕನವರ ಒಬ್ಬರು, ಅದೇ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯವೂ ಆರಂಭವಾಯಿತು. ದೊಡ್ಡಾಟದ ಸಾರಥಿಯೇ ಅಂಗಿ ಬದಲಿಸಿ ಕಂಪನಿಯ ಬೀದಿ ಪರದೆಯ ಮುಂದೆ ಬಂದು ನಿಂತನೆಂದು ನನಗೆ ಅನಿಸುತ್ತದೆ.

ಹಿರೇಕೆರೂರಿನ ಪಾಲೂ ಇದರಲ್ಲಿ ಸಣ್ಣದಲ್ಲ. ಉತ್ತರ ಕರ್ನಾಟಕದಲ್ಲಿ ಕನ್ನಡ ರಂಗಭೂಮಿಗೆ ಅಡಿಗಲ್ಲನ್ನಿಟ್ಟ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, 1856ರಲ್ಲಿ ಜನಿಸಿದ್ದು ಆ ತಾಲೂಕಿನ ಸಾತೇನಹಳ್ಳಿಯಲ್ಲಿ. ಊರ ದೇವರು ಶಾಂತೇಶ. ಅವನ ಹೆಸರೇ ಕಾವ್ಯನಾಮವಾಯಿತು. ಅವರು ಶಾಲಾ ಮಾಸ್ತರರು. ಆ ಕಾಲದಲ್ಲಿ ಸಾಂಗಲಿಯ ಕಡೆಯಿಂದ ಮರಾಠಿ ಮಂಡಳಿಗಳು ಬಂದು ಧಾರವಾಡ ಸೀಮೆಯ ಊರೂರುಗಳಲ್ಲಿ ಹಣವನ್ನೂ ಹೆಸರನ್ನೂ ಗಳಿಸಿಕೊಂಡು ಹೋಗುತ್ತಿದ್ದವು. ಸ್ವಾರಸ್ಯವೆಂದರೆ, 1843ರಲ್ಲಿ ವಿಷ್ಣುದಾಸ ಭಾವೆ ಸಾಂಗಲಿಯಲ್ಲಿ ಆಡಿಸಿದ ಮೊದಲ ಮರಾಠಿ ನಾಟಕಕ್ಕೆ ಪ್ರೇರಣೆ ಕೊಟ್ಟದ್ದು ಹಿಂದಿನ ವರ್ಷ ಅಲ್ಲಿಗೆ ಹೋಗಿದ್ದ ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ. ನಮ್ಮ ಬೀಜ ಅಲ್ಲಿ ಬೆಳೆದು ನಮಗೇ ಮಾರಾಟಕ್ಕೆ ಬಂದಿತ್ತು. ಶಾಂತಕವಿಗಳಿಗೆ ಇದು ಸಹನೆಯಾಗಲಿಲ್ಲ. 1870ರ ದಶಕದಲ್ಲಿ ಗದುಗಿನಲ್ಲಿ ಗೆಳೆಯರನ್ನು ಕೂಡಿಸಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ, ‘ಉಷಾಹರಣ’ವನ್ನು ಬರೆದು ಆಡಿಸಿದರು. ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರು ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ಅನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದದ್ದು 1871ರಲ್ಲಿ. ಎಂಥ ಹೆಸರು! ಆಧುನಿಕ ಕನ್ನಡದ ಬಾಗಿಲಲ್ಲಿ ಶೇಕ್ಸ್‌ಪಿಯರ್ ಕಾಣಿಸಿಕೊಂಡದ್ದೇ ನಗಿಸುವವನಾಗಿ. ಅದನ್ನು ನಾವು ಬೇಗ ಮರೆತೆವು.

ಮುಂದಿನ ಐವತ್ತು ಅರವತ್ತು ವರ್ಷ ಈ ಸೀಮೆಯಲ್ಲಿ ಕಂಪನಿಗಳದೇ ಯುಗ. ಶಿರಹಟ್ಟಿಯ ವೆಂಕೋಬರಾಯರು, ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಇವರ ಹೆಸರುಗಳನ್ನು ಹಿರಿಯರು ಗುರುಗಳ ಹೆಸರಿನಂತೆ ಹೇಳುತ್ತಿದ್ದರು. ಸವಣೂರು, ಶಿಗ್ಗಾಂವಿಗಳ ನೆರೆಯ ಲಕ್ಷ್ಮೇಶ್ವರದಲ್ಲಿ ಬಚ್ಚಾಸಾನಿ ಎಂಬ ಧೀರ ಮಹಿಳೆ ಸ್ತ್ರೀಯರದೇ ನಾಟಕ ಮಂಡಳಿಯನ್ನು ಕಟ್ಟಿದಳು. ಬೇರೆ ಕಂಪನಿಗಳಲ್ಲಿ ಗಂಡಸರು ಸೀರೆಯುಟ್ಟರೆ ಇಲ್ಲಿ ಹೆಂಗಸರು ಮೀಸೆ ಹಚ್ಚಿದರು. ಲಂಡನ್ನಿನ ಚಿತ್ರದಲ್ಲಿ ಒಬ್ಬಳೇ ಹೆಣ್ಣು ಗುಟ್ಟಾಗಿ ಮಾಡಿದ್ದನ್ನು ಇವರು ಟಿಕೀಟು ಹಚ್ಚಿ ಬಹಿರಂಗವಾಗಿ ಮಾಡಿ ತೋರಿಸಿದರು. ಇದಕ್ಕಿಂತ ಒಳ್ಳೆಯ ಹಾಸ್ಯಚಿತ್ರದ ವಸ್ತು ಬೇರೆಲ್ಲಿ ಸಿಕ್ಕೀತು?

ಇನ್ನು ಹಾನಗಲ್ಲಿನ ಮಾತು. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು (1867–1930) 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯ, ಅವನ ಅಣ್ಣ ಗುರುಬಸಯ್ಯ ಇಬ್ಬರೂ ಅಂಧರು. ಇಬ್ಬರ ಕಂಠವೂ ಇಂಪು. ಸ್ವಾಮಿಗಳು ಈ ಹುಡುಗರನ್ನು ಕರೆದುಕೊಂಡು ಸಂಗೀತ ಕಲಿಸಿದರು. ಆ ಗದಿಗೆಯ್ಯನೇ ಮುಂದೆ ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಪಂಚಾಕ್ಷರ ಗವಾಯಿಗಳು. ಅವರ ಬಳಿಗೆ ಬಂದ ಅಂಧ ಬಾಲಕರಲ್ಲಿ ಒಬ್ಬರು ಅದೇ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು. ಪಂಚಾಕ್ಷರ ಗವಾಯಿಗಳ ಸಂಗೀತ ಶಾಲೆಗೆ ಮೊದಲು ಸ್ವಂತದ ನೆಲೆಯಿರಲಿಲ್ಲ. ಅಂಧರು, ಅನಾಥರು, ಬಡ ಹುಡುಗರು, ಇವರೆಲ್ಲರನ್ನೂ ಕಟ್ಟಿಕೊಂಡು ಊರಿಂದೂರಿಗೆ ಹೋಗುವ ಸಂಚಾರಿ ಪಾಠಶಾಲೆಯದು. ಎಲ್ಲಿ ಊಟವೋ ಅಲ್ಲಿ ಪಾಠ. ನೆಲೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ದೊರೆತ ಮೇಲೂ ಒಲೆ ಉರಿಯಬೇಕಲ್ಲ!

ಆಗ ಬಂದದ್ದು ನಾಟಕ ಕಂಪನಿ. ಗುರುಶಿಷ್ಯರ ಈ ಪರಂಪರೆಯಲ್ಲಿ ಬೆಳೆದ ಕಂಪನಿಯ ಹೆಸರು ಶ್ರೀ ಗುರು ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘ. ಪುಟ್ಟರಾಜರು ಅದಕ್ಕಾಗಿ ನಾಟಕಗಳನ್ನು ಬರೆದರು, ಸಂಗೀತ ಕೂಡಿಸಿದರು. ‘ಶಿವಯೋಗಿ ಸಿದ್ಧರಾಮ’ ಅವುಗಳಲ್ಲಿ ಒಂದು. ಕಂಪನಿಗಳ ಹೆಸರಿನಲ್ಲಿ ‘ಕೃಪಾಪೋಷಿತ’, ‘ಪ್ರಸಾದಿತ’ ಎಂಬ ಮಾತುಗಳು ಸಾಮಾನ್ಯ. ಸಾಲಕ್ಕೆ ದೇವರನ್ನೇ ಜಾಮೀನು ನಿಲ್ಲಿಸುವ ಉಪಾಯವಿದು ಎಂದು ಯಾರಾದರೂ ಚೇಷ್ಟೆ ಮಾಡಬಹುದು. ಆದರೆ ಇಲ್ಲಿ ಆ ಮಾತಿಗೆ ನೇರವಾದ ಅರ್ಥವಿತ್ತು: ಕೃಪೆಯಿಂದ ಪೋಷಿತವಾದದ್ದು ಕಂಪನಿ, ಕಂಪನಿಯಿಂದ ಪೋಷಿತವಾದದ್ದು ಆಶ್ರಮ. ಬೆಂಚಿನವನ ಟಿಕೀಟಿನ ಕಾಸು ಮರುದಿನ ಒಬ್ಬ ಕಣ್ಣಿಲ್ಲದ ಹುಡುಗನ ತಾಟಿನಲ್ಲಿ ರೊಟ್ಟಿಯಾಗುತ್ತಿತ್ತು. ವೃತ್ತಿರಂಗಭೂಮಿಯನ್ನು ಕುರಿತು ಮೂಗು ಮುರಿಯುವವರು ಈ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಜನ ಬರದಿದ್ದರೆ ಪಾಠ ನಿಲ್ಲುತ್ತಿತ್ತು. ಜನ ಬರುತ್ತಿದ್ದುದು ಶಿವಶರಣರ ಕಥೆಗೆ, ಗವಾಯಿಗಳ ಸಂಗೀತಕ್ಕೆ, ನಿಜ. ಆದರೆ ನೆಲದ ಗಿರಾಕಿಯ ಬೇಡಿಕೆ ಆಶ್ರಮದ ಕಂಪನಿಗೆಂದು ಬೇರೆಯಾಗುತ್ತದೆಯೆ? ಅವನಿಗೆ ಇಲ್ಲಿಯೂ ಹಾಡು ಬೇಕು, ಪರದೆ ಬೇಕು, ನಗು ಬೇಕು.

ಕಂಪನಿಗೂ ಸಂಗೀತಕ್ಕೂ ಇದ್ದ ನಂಟು ಎರಡೂ ಕಡೆಯಿಂದ ಬಂದದ್ದು. ಬಸವರಾಜ ರಾಜಗುರುಗಳು ಏಳು ವರ್ಷದ ಬಾಲಕನಾಗಿ ವಾಮನರಾವ್ ಮಾಸ್ತರರ ಕಂಪನಿಗೆ ಸೇರಿದರು. ಆಮೇಲೆ ಅವರನ್ನು ಗಾಯಕರನ್ನಾಗಿ ತಿದ್ದಿದವರು ಪಂಚಾಕ್ಷರ ಗವಾಯಿಗಳು. ಮಲ್ಲಿಕಾರ್ಜುನ ಮನಸೂರರೂ ವಾಮನರಾಯರ ಕಂಪನಿಯಲ್ಲಿ ಬಾಲಪಾತ್ರಗಳನ್ನು ಮಾಡುತ್ತ ಬೆಳೆದವರು. ಇಂದು ನಾವು ತಲೆ ತೂಗಿ ಕೇಳುವ ಧಾರವಾಡ ಸೀಮೆಯ ಸಂಗೀತದ ಒಂದು ಕಾಲು ಈ ತಗಡಿನ ಥೇಟರಿನಲ್ಲಿತ್ತು. ರಂಗದ ಮುಂದೆ ಕಾಲುಪೆಟ್ಟಿಗೆ ನುಡಿಸುವವನು ನಟನ ಮುಖ ನೋಡಿ ಸ್ವರ ಹಿಡಿಯುವುದು ರೂಢಿ. ನುಡಿಸುವವನು ಕಣ್ಣಿಲ್ಲದವನಾದರೆ ಅವನಿಗೆ ನಟನ ಉಸಿರೇ ಸಂಜ್ಞೆ. ಮಾತು ತಪ್ಪಿದವನು ಪ್ರೇಕ್ಷಕನಿಗೆ ಗೊತ್ತಾಗುವ ಮೊದಲು ಪೆಟ್ಟಿಗೆಯವನಿಗೆ ಗೊತ್ತು. ಅವನು ಒಂದು ಸ್ವರ ಒತ್ತಿ ನಟನನ್ನು ಉಳಿಸಲೂಬಹುದು, ಇನ್ನೊಂದು ಒತ್ತಿ ಮಾನ ಕಳೆಯಲೂಬಹುದು. ಕರುಣೆಗೆ ಪಾತ್ರನೆಂದು ನಾವು ತಿಳಿದವನ ಕೈಯಲ್ಲಿ ರಾಜನ ಗತಿಯಿದೆ! ಹಾಸ್ಯಚಿತ್ರವೊಂದು ಇಂಥ ಪ್ರಸಂಗವನ್ನು ಹಿಡಿದರೆ ಅಂಧತೆಯನ್ನು ನೋಡಿ ನಗುವ ಹೀನತನವೂ ಬೇಕಿಲ್ಲ, ನೋಡಿ ಅಳುವ ಸುಲಭ ಪುಣ್ಯವೂ ಬೇಕಿಲ್ಲ.

ಪಂಚಾಕ್ಷರ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು. ಆಶ್ರಮವನ್ನೂ ಅದರ ಭಾರವನ್ನೂ ಹೊತ್ತು ಪುಟ್ಟರಾಜರು 2010ರವರೆಗೆ ಬಾಳಿದರು; ಆ ವರ್ಷವೇ ಅವರಿಗೆ ಪದ್ಮಭೂಷಣ ಸಂದಿತು. ಈ ಗುರುಗಳ ಕಥೆಯನ್ನೇ ಚಿಂದೋಡಿ ಬಂಗಾರೇಶರು 1995ರಲ್ಲಿ ಚಿತ್ರವಾಗಿ ನಿರ್ದೇಶಿಸಿದರು. ಚಿಂದೋಡಿಯವರದು ದಾವಣಗೆರೆಯ ಪ್ರಸಿದ್ಧ ಕಂಪನಿಯ ಮನೆತನ. ಅದರಲ್ಲಿ ಅಭಿನಯಿಸಿದ ಲೋಕೇಶರ ತಂದೆ ಸುಬ್ಬಯ್ಯನಾಯ್ಡು ಕಂಪನಿ ಕಟ್ಟಿ ಆಳಿದವರು. 1934ರ ‘ಸತಿ ಸುಲೋಚನಾ’ದ ನಾಯಕರು. ಇನ್ನೊಬ್ಬ ನಟ ಗಿರೀಶ ಕಾರ್ನಾಡರು, ಹಾನಗಲ್ಲಿನ ನೆರೆಯ ಶಿರಸಿಯಲ್ಲಿ ಕಂಪನಿ ನಾಟಕಗಳನ್ನೂ ಯಕ್ಷಗಾನವನ್ನೂ ನೋಡುತ್ತ ಬೆಳೆದವರು. ಸಂಗೀತಕ್ಕಾಗಿ ಹಂಸಲೇಖರಿಗೂ ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿಗಳು ಬಂದವು. ಕಂಪನಿಯ ರಕ್ತ ಅಷ್ಟು ತುಂಬಿದ್ದ ಚಿತ್ರ ಅದು. ಆದರೂ ಅದರ ದೃಷ್ಟಿಯೆಲ್ಲ ಗುರುವಿನ ಮೇಲೆ, ನಾದದ ಮೇಲೆ. ಗುರುಚರಿತ್ರೆಯ ಧರ್ಮವೇ ಹಾಗೆ. ಅದಕ್ಕಾಗಿ ದೂರುವುದು ಅನ್ಯಾಯ. ನನ್ನ ತಕರಾರು ಆ ಚಿತ್ರದ ಮೇಲಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಚಿತ್ರ ಹುಟ್ಟಲಿಲ್ಲವಲ್ಲ ಎಂಬುದು ನನ್ನ ಕೊರಗು.

ಏಕೆ ಹುಟ್ಟಲಿಲ್ಲ? ಒಂದು ಕಾರಣ, ಚಿತ್ರರಂಗಕ್ಕೆ ಕಂಪನಿಯ ಮುಂದೆ ಇರುವ ಒಂದು ಬಗೆಯ ಅಪರಾಧ ಭಾವ. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಎಲ್ಲರೂ ಗುಬ್ಬಿ ಕಂಪನಿಯ ಅನ್ನ ಉಂಡವರು. ಕಂಪನಿಯ ನಟರನ್ನೂ ಕಥೆಗಳನ್ನೂ ಕೊನೆಗೆ ಅದರ ಪ್ರೇಕ್ಷಕರನ್ನೂ ಸಿನಿಮಾ ತೆಗೆದುಕೊಂಡಿತು. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವಾಗಿ ಗೆದ್ದ ಮೇಲೆ 1974ರಲ್ಲಿ ಚಿತ್ರವಾಗಿ ಇನ್ನೂ ದೊಡ್ಡದಾಗಿ ಗೆದ್ದಿತು. ಯಾರ ಆಸ್ತಿ ನಮ್ಮ ಕೈಗೆ ಬಂದಿದೆಯೋ ಅವರನ್ನು ನೆನೆದು ಅಳುವುದು ಸಭ್ಯತೆ, ನಗುವುದು ಕಷ್ಟ. ಎರಡನೆಯ ಕಾರಣ, ಕಂಪನಿಯ ಹಾಸ್ಯ ಕಡೆಗಾಲದಲ್ಲಿ ಕೆಟ್ಟದ್ದು. ಗಿರಾಕಿ ಕೈಬಿಡುತ್ತಿರುವಾಗ ಕೆಲವು ಮಂಡಳಿಗಳು ಎರಡರ್ಥದ ಮಾತಿಗೆ ಇಳಿದವು. ಮನೆಮಂದಿಯೊಡನೆ ಬರುವವರು ಬರದಾದರು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆ ಕೊನೆಯ ವರ್ಷಗಳ ಹಾಸ್ಯವನ್ನೇ ಎಲ್ಲ ಕಾಲದ ಹಾಸ್ಯವೆಂದು ತಿಳಿದು ಮರ್ಯಾದಸ್ಥರು ಮುಖ ತಿರುಗಿಸಿದರು. ಮೂರನೆಯದು ನಮ್ಮಂಥ ಓದುಗರ ತಪ್ಪು. ನಾವು ಗಂಭೀರವಾದದ್ದನ್ನು ಮಾತ್ರ ಕಾಪಿಟ್ಟೆವು. ಹಾಡಿನ ಪುಸ್ತಕ ಉಳಿಯಿತು, ನಟನ ಭಾವಚಿತ್ರ ಉಳಿಯಿತು. ಬೀದಿ ಪರದೆಯ ಮುಂದೆ ಆ ರಾತ್ರಿಗೆಂದು ಹುಟ್ಟಿ ಆ ರಾತ್ರಿಯೇ ಸತ್ತ ಮಾತುಗಳನ್ನು ಯಾರೂ ಬರೆದಿಡಲಿಲ್ಲ. ನೂರಮೂರು ವರ್ಷ ಬಾಳಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರಂಥ ಹಿರಿಯರು ತಮ್ಮ ನೆನಪುಗಳನ್ನು ಹೇಳಿ ಬರೆಸಿದ್ದರಿಂದ ಅಷ್ಟಿಷ್ಟು ತಿಳಿಯುತ್ತದೆ. ಬಣ್ಣ ಹಚ್ಚಿದವರೆಲ್ಲರೂ ಅಷ್ಟು ವರ್ಷ ಬಾಳುವುದಿಲ್ಲ.

ಬನಶಂಕರಿಯ ಜಾತ್ರೆಯಲ್ಲಿ ಇಂದಿಗೂ ನಾಟಕದ ಟೆಂಟುಗಳು ಸಾಲುಗಟ್ಟಿ ನಿಲ್ಲುತ್ತವೆ. ಹಾನಗಲ್ಲ ತಾಲೂಕಿನ ಶೇಷಗಿರಿಯಂಥ ಸಣ್ಣ ಹಳ್ಳಿ ತನ್ನದೇ ರಂಗಮಂದಿರವನ್ನು ಕಟ್ಟಿಕೊಂಡು ನಾಟಕ ಆಡುತ್ತದೆ. ಆ ಸೀಮೆಯ ಯಾವನಾದರೂ ತರುಣ ಕ್ಯಾಮರಾ ಹಿಡಿದು ಹೊರಟರೆ ಅವನಿಗೆ ವಸ್ತುವಿನ ಬರವಿಲ್ಲ. ಸಾತೇನಹಳ್ಳಿಯ ಮಾಸ್ತರರು ಮರಾಠಿ ಮಂಡಳಿಯ ಮೇಲಿನ ಸಿಟ್ಟಿನಲ್ಲಿ ಶಾಲೆ ಮುಗಿಸಿ ನಾಟಕ ಬರೆಯುತ್ತಿದ್ದಾರೆ. ಲಕ್ಷ್ಮೇಶ್ವರದಲ್ಲಿ ಹೆಂಗಸೊಬ್ಬಳು ಕನ್ನಡಿಯೆದುರು ಮೀಸೆಯನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದಾಳೆ. ಗದುಗಿನ ಆಶ್ರಮದ ಅಡಿಗೆಮನೆಯಲ್ಲಿ ಹಿಟ್ಟು ಎಷ್ಟಿದೆಯೆಂದು ಒಬ್ಬ ಡಬ್ಬಿಯನ್ನು ಅಲುಗಿಸಿ ನೋಡುತ್ತಿದ್ದಾನೆ.

ಮೊದಲ ದೃಶ್ಯ ಯಾವುದಿರಬೇಕೆಂದು ನನ್ನನ್ನು ಕೇಳಿದರೆ ಹೇಳುತ್ತೇನೆ. ಪ್ರತಿಯೊಂದು ಕಂಪನಿಯ ಮುಂದಿನ ಪರದೆಯಲ್ಲಿಯೂ ಒಂದು ಸಣ್ಣ ತೂತು ಇರುತ್ತಿತ್ತು. ಇಂದ್ರನ ಸಭೆಯದೋ ಗಂಗಾವತರಣದ್ದೋ ಚಿತ್ರ ಬರೆದ ಆ ಬೆಲೆಬಾಳುವ ಪರದೆಯಲ್ಲಿ ಯಾರು ಯಾವಾಗ ಅದನ್ನು ಮಾಡಿದರೆಂದು ಯಾರಿಗೂ ತಿಳಿಯದು. ಮುಖಕ್ಕೆ ಬಣ್ಣ ಬಳಿದುಕೊಂಡ ಧರ್ಮರಾಜ, ದುರ್ಯೋಧನ, ದ್ರೌಪದಿಯ ಸೀರೆಯುಟ್ಟು ಬೀಡಿ ಸೇದುತ್ತಿದ್ದ ಯುವಕ ಎಲ್ಲರೂ ಸರದಿಯಂತೆ ಬಂದು ಆ ತೂತಿಗೆ ಒಂದು ಕಣ್ಣು ಹಚ್ಚಿ ನೋಡುತ್ತಿದ್ದರು. ಕೊನೆಗೆ ಹಾಸ್ಯಗಾರ ಬರುತ್ತಾನೆ. ಎಲ್ಲರೂ ಅವನ ಮುಖವನ್ನೇ ನೋಡುತ್ತಾರೆ. ಅವನು ಬಾಗಿ, ಕಣ್ಣು ಹಚ್ಚಿ, ಬೆರಳು ಮಡಿಸಿ ಬೆಂಚುಗಳನ್ನು ಎಣಿಸುತ್ತಾನೆ; ಆಮೇಲೆ ತಿರುಗಿ ಅಡಿಗೆಯವನ ಕಡೆಗೆ ನೋಡಿ, ನಾಳೆ ಅನ್ನಕ್ಕೇ ಇಡಬಹುದೆಂದು ಸನ್ನೆ ಮಾಡುತ್ತಾನೆ.